ಹಡಗಿನಿಂದ ಸಂತೆಗೆ ಎಷ್ಟು ದೂರ?

ಮುಂಬೈನ ಬ್ಯಾಲಾರ್ಡ್ ಪಿಯರ್‌ನಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾಯಿತು. ಒಂದೇ ಹೊತ್ತಿಗೆ ಐದು ಪ್ರವಾಸಿ ಹಡಗುಗಳು ಅಲ್ಲಿ ನಿಲ್ಲಬಹುದು, ವರ್ಷಕ್ಕೆ 10 ಲಕ್ಷ ಪ್ರಯಾಣಿಕರು ಹಾದುಹೋಗಬಹುದು ಎಂಬುದು ಸರ್ಕಾರದ ಲೆಕ್ಕ. ಅದಕ್ಕೆ ಒಂದು ವರ್ಷ ಮೊದಲು, 2024ರ ಸೆಪ್ಟೆಂಬರ್ 30ರಂದು, ಕೇಂದ್ರ ಸರ್ಕಾರ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿತ್ತು. 2029ರ ಹೊತ್ತಿಗೆ ಸಮುದ್ರದಲ್ಲಿ 10 ಲಕ್ಷ, ನದಿಗಳಲ್ಲಿ 15 ಲಕ್ಷ ಪ್ರವಾಸಿಗರು. 10 ಸಮುದ್ರ ಟರ್ಮಿನಲ್, 100 ನದಿ ಟರ್ಮಿನಲ್. 4 ಲಕ್ಷ ಉದ್ಯೋಗ. ಗುರಿಗಳು ಇಷ್ಟು ದೊಡ್ಡವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ರಸ್ತೆ ಲೆಕ್ಕದಲ್ಲಿ ಸಮುದ್ರ ನಮ್ಮಿಂದ ಮುನ್ನೂರು ಕಿಲೋಮೀಟರ್‌ಗೂ ದೂರ. ನಮ್ಮಲ್ಲಿ ಎಷ್ಟೋ ಹಿರಿಯರು ಸಮುದ್ರ ನೋಡಿದ್ದೇ ದುಡಿಯಲು ಗೋವಾಕ್ಕೆ ಹೋದಾಗ. ಸಂಬಂಧ ಇರುವುದೂ ಅಲ್ಲೇ. ಈ ಹಡಗುಗಳು ಬಂದು ನಿಲ್ಲುವ ಊರುಗಳಲ್ಲಿ ಕಲ್ಲು ಹೊತ್ತವರು, ಗಟಾರ ತೆಗೆದವರು, ಬೀದಿಯಲ್ಲಿ ಮಣಿಸರ ಮಾರುವವರು ನಮ್ಮ ತಾಲ್ಲೂಕುಗಳವರೂ ಹೌದು. ಇನ್ನೊಂದು ಕಡೆ ನಮ್ಮದೇ ಕೃಷ್ಣೆ, ಭೀಮೆಯರ ನೀರಿನ ಮೇಲೂ ಪ್ರವಾಸೋದ್ಯಮದ ಕಣ್ಣು ಬೀಳುವ ಕಾಲ ಇದು. ಆದ್ದರಿಂದ ಹಡಗು ಎಲ್ಲಿ ನಿಲ್ಲುತ್ತದೆ, ಇಳಿದವರು ಎಲ್ಲಿಗೆ ನಡೆಯುತ್ತಾರೆ, ಅವರ ಕಿಸೆಯ ದುಡ್ಡು ಯಾರಿಗೆ ಸೇರುತ್ತದೆ ಎಂಬುದನ್ನು ನಾವೂ ತಿಳಿದಿರಬೇಕು.

ಹೆಸರು ಒಂದೂರಿನದು, ಬಂದರು ಮತ್ತೊಂದೂರಿನದು

ಕ್ರೂಸ್ ಕಂಪನಿಗಳ ಜಾಹೀರಾತಿನಲ್ಲಿ ಊರಿನ ಹೆಸರು ದೊಡ್ಡದಾಗಿ ಇರುತ್ತದೆ. ಹಡಗು ಆ ಊರಿನಲ್ಲೇ ನಿಲ್ಲುತ್ತದೆ ಎಂದುಕೊಂಡರೆ ಮೋಸ ಹೋಗುತ್ತೇವೆ. ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಅಲ್ಲಿಂದ ಸುಮಾರು 70 ಕಿಲೋಮೀಟರ್ ಆಚೆಯ ಚಿವಿಟಾವೆಕ್ಕಿಯಾ ಬಂದರಿನಲ್ಲಿ. ‘ಪ್ಯಾರಿಸ್’ ಎಂದರೆ ಸುಮಾರು 200 ಕಿಲೋಮೀಟರ್ ದೂರದ ಲೆ ಹಾವ್ರ್. ‘ಬ್ಯಾಂಕಾಕ್’ ಎಂದರೆ ಹೆಚ್ಚಿನ ದೊಡ್ಡ ಹಡಗುಗಳಿಗೆ ಲೇಮ್ ಚಬಾಂಗ್. ನಮ್ಮ ದೇಶದಲ್ಲೂ ಹಾಗೆಯೇ. ‘ಗೋವಾ’ ಎಂದರೆ ಪಣಜಿಯೂ ಅಲ್ಲ, ಕಲಂಗೂಟ್ ಕಡಲತೀರವೂ ಅಲ್ಲ; ಜುವಾರಿ ನದಿ ಸಮುದ್ರ ಸೇರುವಲ್ಲಿ, ವಾಸ್ಕೊ ಪಟ್ಟಣಕ್ಕೆ ಅಂಟಿಕೊಂಡ ಮುರಗಾಂವ ಬಂದರು. ‘ಮಂಗಳೂರು’ ಎಂದರೆ ಹಂಪನಕಟ್ಟೆಯಲ್ಲ, ಅಲ್ಲಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕಿರುವ ಪಣಂಬೂರಿನ ನವಮಂಗಳೂರು ಬಂದರು.

ಹಡಗು ಎಲ್ಲಿ ನಿಂತಿದೆ ಎಂದು ಹುಡುಕುವುದು ಈಗ ಕಷ್ಟವಲ್ಲ. ದೊಡ್ಡ ಬಂದರುಗಳು ಯಾವ ಧಕ್ಕೆಯಲ್ಲಿ ಯಾವ ಹಡಗಿದೆ ಎಂಬ ಪಟ್ಟಿಯನ್ನು ದಿನವೂ ಪ್ರಕಟಿಸುತ್ತವೆ. ಪ್ರಯಾಣಿಕರ ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ರೇಡಿಯೊ ಸಂಕೇತದಲ್ಲಿ ಸಾರುತ್ತಲೇ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆ ಸಂಕೇತ ಹಿಡಿದು ನಕ್ಷೆಯ ಮೇಲೆ ತೋರಿಸುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕುಳಿತು ಅರಬ್ಬಿ ಸಮುದ್ರದ ಹಡಗು ನೋಡಬಹುದು. ನಾನು ನೋಡಿದ್ದೇನೆ. ಆದರೆ ಹಡಗಿನ ಚುಕ್ಕಿಯಿಂದ ಊರಿನ ಸಂತೆಗೆ ನಡೆದು ಹೋಗಲು ದಾರಿ ಇದೆಯೇ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ನಮ್ಮ ಯೋಜನೆಗಳೂ ಅದನ್ನು ಹೇಳುತ್ತಿಲ್ಲ. ಟರ್ಮಿನಲ್ ಎಷ್ಟು, ಪ್ರಯಾಣಿಕರು ಎಷ್ಟು ಎಂಬ ಎಣಿಕೆ ಇದೆ; ಧಕ್ಕೆಯಿಂದ ಊರಿಗೆ ಕಾಲುದಾರಿ ಎಷ್ಟು ಎಂಬ ಎಣಿಕೆ ಆ ಗುರಿಗಳ ಸಾಲಿನಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಉದ್ಯಮದ ಲಾಭ–ನಷ್ಟ ತೀರ್ಮಾನವಾಗುವುದು ಆ ಮೊದಲ ಒಂದೆರಡು ಕಿಲೋಮೀಟರಿನಲ್ಲಿ.

ಗೋಡೆಯ ಒಳಗಿನ ಬಂದರು

ಹಳೆಯ ಬಂದರುಗಳು ಊರಿನ ಹೊಟ್ಟೆಯಲ್ಲೇ ಇದ್ದವು. ಮಂಗಳೂರಿನ ಹಳೆಯ ಬಂದರನ್ನೇ ನೋಡಿ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವಲ್ಲಿರುವ ಆ ಧಕ್ಕೆಯಿಂದ ಹತ್ತು ಹೆಜ್ಜೆ ಇಟ್ಟರೆ ಬಂದರು ಪೇಟೆ. ಇವತ್ತಿಗೂ ಅಲ್ಲಿಂದ ಮಂಜಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಈ ನಂಟು ಇಂದಿನದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಟಿಪ್ಪು ಸುಲ್ತಾನನ ಕೈಗೆ ಬಂದು, 1799ರ ನಂತರ ಬ್ರಿಟಿಷರ ಪಾಲಾಗಿ, 1956ರವರೆಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಆ ವರ್ಷ ನವೆಂಬರ್ 1ರಂದು, ಕರ್ನಾಟಕ ಒಂದಾದ ದಿನವೇ, ಅವು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು.

1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಆರಂಭವಾಯಿತು. ಅದಿರು, ಕಚ್ಚಾತೈಲ, ಕಲ್ಲಿದ್ದಲಿಗಾಗಿ ಕಟ್ಟಿದ ಬಂದರು ಅದು. ಚಳಿಗಾಲದಲ್ಲಿ ಬರುವ ವಿದೇಶಿ ಪ್ರವಾಸಿ ಹಡಗುಗಳೂ ಅಲ್ಲೇ ನಿಲ್ಲುತ್ತವೆ. ಯಕ್ಷಗಾನ ವೇಷದ ಸ್ವಾಗತವಾಗುತ್ತದೆ, ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಯೊಳಗೆ ಹಡಗು ಹತ್ತುತ್ತಾರೆ. ನಡೆದು ಊರು ನೋಡುವ ಪ್ರಶ್ನೆಯೇ ಇಲ್ಲ. ಇದಕ್ಕೆ ಬಂದರಿನವರ ಮನಸ್ಸು ಕಾರಣವಲ್ಲ. 2001ರ ಅಮೆರಿಕದ ದಾಳಿಯ ನಂತರ ರೂಪುಗೊಂಡು 2004ರ ಜುಲೈ 1ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಭದ್ರತಾ ಸಂಹಿತೆಯ ಪ್ರಕಾರ ಇಂಥ ಬಂದರುಗಳು ಬೇಲಿ, ಗೇಟು, ಪಾಸು ಇಲ್ಲದೆ ನಡೆಯುವಂತಿಲ್ಲ. ಕ್ರೇನುಗಳ ನಡುವೆ, ಲಾರಿಗಳ ನಡುವೆ ಪ್ರವಾಸಿಯನ್ನು ಕಾಲ್ನಡಿಗೆಯಲ್ಲಿ ಬಿಡಲೂ ಆಗದು.

ಮುಂಬೈನ ಹೊಸ ಟರ್ಮಿನಲ್ಲಿನ ಗುಣ ಇಲ್ಲಿದೆ. ಅದರ ವಿನ್ಯಾಸ, ಗಾಜು, ಅಂತಸ್ತುಗಳ ಬಗ್ಗೆ ಬಹಳ ಬರೆದಿದ್ದಾರೆ. ನನಗೆ ಮುಖ್ಯ ಎನಿಸಿದ್ದು ಬೇರೆ: ಬ್ಯಾಲಾರ್ಡ್ ಪಿಯರ್ ಇರುವುದು ಹಳೆಯ ಕೋಟೆ ಪ್ರದೇಶದ ಅಂಚಿನಲ್ಲಿ. ಗೇಟು ದಾಟಿದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣಕ್ಕೆ ನಡೆದು ಹೋಗಬಹುದು. ದಾರಿಯಲ್ಲಿ ಚಹದ ಅಂಗಡಿ, ಪುಸ್ತಕದ ಫುಟ್‌ಪಾತ್, ವಡಾಪಾವ್ ಗಾಡಿ. ಹಡಗಿನಿಂದ ಇಳಿದವನು ಅಲ್ಲಿ ಬೇಕೆಂದರೆ ಬಸ್ಸು ಹತ್ತದೆಯೇ ಒಂದು ಊರನ್ನು ನೋಡಬಲ್ಲ.

ಇನ್ನೊಂದು ಲೆಕ್ಕವೂ ಇದೆ. ಹಡಗು ಕೆಲವು ಗಂಟೆ ನಿಂತು ಹೋಗುವ ಬಂದರು ಬೇರೆ, ಪ್ರಯಾಣ ಶುರುವಾಗಿ ಮುಗಿಯುವ ಮನೆಬಂದರು ಬೇರೆ. ಹಡಗಿನ ಅಡುಗೆಮನೆಗೆ ಬೇಕಾದ ಕಾಯಿಪಲ್ಯ, ಹಣ್ಣು, ಹಾಲು ಹೆಚ್ಚಾಗಿ ತುಂಬುವುದು ಮನೆಬಂದರಿನಲ್ಲಿ. ಮುಂಬೈ ಈಗ ಅಂಥ ಮನೆಬಂದರು. 2025ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಇಂಡಿ ನಿಂಬೆ ಮೊದಲಿನಿಂದಲೂ ಮುಂಬೈ, ಪುಣೆ ಮಾರುಕಟ್ಟೆಗೆ ಹೋಗುವ ಮಾಲು. ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗಕ್ಕೆ ನಿಂಬೆಜಾತಿಯ ಹಣ್ಣೇ ಮದ್ದು ಎಂದು 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಪರೀಕ್ಷೆ ಮಾಡಿ ತೋರಿಸಿದ್ದ. ಹಡಗಿಗೂ ನಿಂಬೆಗೂ ಅಷ್ಟು ಹಳೆಯ ಸಂಬಂಧ. ಇಂಡಿಯ ರೈತ ಉತ್ಪಾದಕ ಸಂಘಗಳು ಹಡಗುಗಳಿಗೆ ಸಾಮಾನು ಪೂರೈಸುವ ಮುಂಬೈನ ವ್ಯಾಪಾರಿಗಳ ಬಾಗಿಲು ತಟ್ಟಿದರೆ, ಇಲ್ಲಿಂದ ಕದಲದೆಯೇ ಈ ಉದ್ಯಮದಲ್ಲಿ ಪಾಲು ಪಡೆಯಬಹುದು. ಹಡಗು ನೋಡಲು ಹೋಗುವುದಕ್ಕಿಂತ ಹಡಗಿಗೆ ನಿಂಬೆ ಕಳಿಸುವುದು ನಮಗೆ ಹತ್ತಿರದ ದಾರಿ.

ವಾಸ್ಕೊದ ಬೀದಿಯಲ್ಲಿ ನಮ್ಮವರು

ನಮ್ಮ ಭಾಗದಿಂದ ಗೋವಾಕ್ಕೆ ದುಡಿಯಲು ಹೋಗುವುದು ಮೂರು ತಲೆಮಾರಿನ ಕಥೆ. 1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ, ಮುರಗಾಂವ ದೊಡ್ಡ ಬಂದರಾಗಿ ಬೆಳೆದಾಗ ಅದಿರು ತುಂಬಲು, ರಸ್ತೆ ಮಾಡಲು, ಮನೆ ಕಟ್ಟಲು ಕೈಗಳು ಬೇಕಾದವು. ಬರಗಾಲ ಬಿದ್ದಾಗಲೆಲ್ಲ ವಿಜಯಪುರ ಜಿಲ್ಲೆಯ ಹಳ್ಳಿ, ತಾಂಡಾಗಳು ಆ ಕೈಗಳನ್ನು ಕಳಿಸಿದವು. ವಾಸ್ಕೊದ ಬೈನಾ ಕಡಲತೀರದಲ್ಲಿ ಕನ್ನಡಿಗರ ದೊಡ್ಡ ವಸತಿಯೇ ಬೆಳೆಯಿತು. 2004ರಲ್ಲಿ ಅಲ್ಲಿನ ನೂರಾರು ಮನೆಗಳನ್ನು ಕೆಡವಲಾಯಿತು; 2015ರಲ್ಲಿ ಮತ್ತೆ ತೆರವು ನಡೆದಾಗ ನಮ್ಮ ಪತ್ರಿಕೆಗಳಲ್ಲೂ ಅದು ಸುದ್ದಿಯಾಯಿತು.

ನನ್ನ ಕಾಕಾ ಒಬ್ಬರು ವಾಸ್ಕೊದಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ಅವರ ಮನೆಗೆ ಹೋಗಿದ್ದಾಗ ಬಂದರಿನ ಕಡೆಯಿಂದ ಪೇಟೆಯವರೆಗೆ ನಡೆದು ನೋಡಿದೆ. ಒಂದು ಬದಿ ಗೋಡೆ, ಇನ್ನೊಂದು ಬದಿ ಗುಡ್ಡ. ಸರಕು ಲಾರಿಗಳ ಧೂಳು. ನಡೆಯುವವನಿಗೆ ನೆರಳಿಲ್ಲ, ಫಲಕವಿಲ್ಲ. ಆವತ್ತು ಹಡಗು ಬಂದಿತ್ತು. ಹವಾನಿಯಂತ್ರಿತ ಬಸ್ಸುಗಳು ಗೇಟಿನಿಂದ ಹೊರಟು ಹಳೆ ಗೋವಾದ ಚರ್ಚುಗಳ ಕಡೆ ಹೋದವು. ವಾಸ್ಕೊ ಪೇಟೆಯಲ್ಲಿ ಇಳಿದವರನ್ನು ನಾನು ಕಾಣಲಿಲ್ಲ. ಕಾಕಾ ನಕ್ಕು ಹೇಳಿದರು: “ಅವ್ರು ಬಸ್ಸಿನ ಕಿಡಕ್ಯಾಗಿಂದ ನಮ್ಮನ್ನ ನೋಡ್ತಾರ, ನಾವು ಅವ್ರ ಬಸ್ಸ ನೋಡ್ತೀವಿ. ಅಷ್ಟ ನೋಡಪಾ ನಮ್ಮ ಅವ್ರ ವ್ಯವಹಾರ.”

ಕಾಕಾನ ಮಾತಿನಲ್ಲಿ ಈ ಉದ್ಯಮದ ಲೆಕ್ಕಪತ್ರವೇ ಇದೆ. ಹಡಗಿನ ಟಿಕೆಟ್ಟಿನಲ್ಲೇ ಊಟ, ನಿದ್ರೆ, ಮನರಂಜನೆ ಸೇರಿರುತ್ತದೆ. ದಡದಲ್ಲಿ ಸುತ್ತಾಡುವ ಬಸ್ ಪ್ರವಾಸವನ್ನೂ ಹೆಚ್ಚಾಗಿ ಹಡಗಿನವರೇ ಮಾರುತ್ತಾರೆ. ಬಂದರಿನಲ್ಲಿ ಹಡಗು ನಿಲ್ಲುವುದು ಎಂಟು ಹತ್ತು ಗಂಟೆ. ಬಸ್ಸು ಹತ್ತಿ ಇಳಿಯುವುದರಲ್ಲೇ ಅರ್ಧ ದಿನ. ಊರಿನ ಸಣ್ಣ ವ್ಯಾಪಾರಿಯ ಹತ್ತಿರ ಪ್ರವಾಸಿ ಬರಬೇಕಾದರೆ ಅವನ ಕಾಲು ನೆಲದ ಮೇಲೆ ಇರಬೇಕು. ಬಸ್ಸಿನಲ್ಲಿ ಕೂತವನು ಕಡಲೆ ಕೊಳ್ಳುವುದಿಲ್ಲ.

ಕೆಲವು ಕಂಪನಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದಿವೆ. ಕೆರಿಬಿಯನ್ ಕಡೆ ಬಹಾಮಾಸ್ ದೇಶದ ಸಣ್ಣ ದ್ವೀಪಗಳನ್ನೇ ತಮ್ಮದಾಗಿಸಿಕೊಂಡು ಅಲ್ಲಿ ಈಜುಕೊಳ, ಜಾರುಬಂಡೆ, ಹೋಟೆಲು ಕಟ್ಟಿವೆ. ರಾಯಲ್ ಕೆರಿಬಿಯನ್ ಕಂಪನಿಯ ಕೊಕೊಕೇ ಅಂಥ ಒಂದು ದ್ವೀಪ. ಅಲ್ಲಿ ಪ್ರವಾಸಿ ಕಾಲ್ನಡಿಗೆಯಲ್ಲೇ ಸುತ್ತುತ್ತಾನೆ ನಿಜ. ಆದರೆ ಅಲ್ಲಿ ಊರೇ ಇಲ್ಲ. ಧಕ್ಕೆ ಕಂಪನಿಯದು, ಅಂಗಡಿ ಕಂಪನಿಯದು, ಮರಳಿನ ಮೇಲಿನ ಕುರ್ಚಿಯೂ ಕಂಪನಿಯದು. ದ್ವೀಪ ಇದೆ, ದ್ವೀಪದವರು ಇಲ್ಲ.

ಗೋವಾದ ಕಡಲತೀರಗಳಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರ, ಕಾಲ್ಗೆಜ್ಜೆ ಮಾರುವ ಲಂಬಾಣಿ ಹೆಣ್ಣುಮಕ್ಕಳನ್ನು ಗೋವಾಕ್ಕೆ ಹೋದ ಎಲ್ಲರೂ ನೋಡಿರುತ್ತಾರೆ. ಪೊಲೀಸರು ಬಂದರೆ ಗಂಟು ಕಟ್ಟಿಕೊಂಡು ಓಡುವುದೂ ಅವರ ದಿನಚರಿ. ಅವರಲ್ಲಿ ಒಬ್ಬ ಅಕ್ಕ ನನಗೆ ಹೇಳಿದ್ದು ಇಷ್ಟೇ: “ಕೂಡಾಕ ಒಂದ್ ಜಾಗಾ ಕೊಟ್ರ ಸಾಕು ತಮ್ಮಾ, ಯಾಪಾರ ನಾವ್ ಮಾಡ್ಕೊಂತೀವಿ.” ಅವರು ಕೇಳುತ್ತಿರುವುದು ದಾನವಲ್ಲ, ಕಾನೂನು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರಿ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಕ್ರೂಸ್ ಟರ್ಮಿನಲ್ ಕಟ್ಟುವಾಗ ಗೇಟಿನ ಹೊರಗೆ ಇಂಥ ನೂರು ಜಾಗಗಳನ್ನು ಗುರುತು ಮಾಡುವುದಕ್ಕೆ ಕೋಟಿಗಳು ಬೇಕಿಲ್ಲ. ಅದನ್ನು ಯೋಜನೆಯ ಭಾಗವೆಂದು ನೋಡುವ ಕಣ್ಣು ಬೇಕು.

ನಡೆದು ನೋಡಿದ ಒಂದು ದ್ವೀಪ

ದ್ವೀಪದ ಬಂದರು ಕಾಲ್ನಡಿಗೆಗೆ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಮುಂಬೈ ಪಕ್ಕದ ಘಾರಾಪುರಿ, ಅಂದರೆ ಎಲಿಫೆಂಟಾ. ಗೇಟ್‌ವೇ ಆಫ್ ಇಂಡಿಯಾದಿಂದ ಮೋಟಾರು ದೋಣಿಯಲ್ಲಿ ಸುಮಾರು ಒಂದು ಗಂಟೆ. ದೋಣಿ ಉದ್ದನೆಯ ಜೆಟ್ಟಿಗೆ ತಾಗುತ್ತದೆ. ಪುಟಾಣಿ ರೈಲು ಇದೆ, ಬೇಡವೆಂದರೆ ನಡೆಯಬಹುದು. ನಾನು ನಡೆದೆ. ಜೆಟ್ಟಿಯ ಎರಡೂ ಬದಿ ಹುಣಸೆ, ಸೌತೆಕಾಯಿ, ಜೋಳದ ತೆನೆ ಮಾರುವವರು. ಆಮೇಲೆ ಸುಮಾರು 120 ಮೆಟ್ಟಿಲು, ಮೆಟ್ಟಿಲಿನ ಎರಡೂ ಬದಿ ನೀಲಿ ತಾಡಪಾಲಿನ ನೆರಳಲ್ಲಿ ಅಂಗಡಿಗಳು. ತುದಿಯಲ್ಲಿ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಹೆ, ಅದರೊಳಗೆ ಮೂರು ಮುಖದ ಮಹಾಶಿವ. ಪ್ರವಾಸಿ ಗುಹೆ ಮುಟ್ಟುವಷ್ಟರಲ್ಲಿ ಹತ್ತಾರು ಮನೆಗಳ ವ್ಯಾಪಾರ ಆಗಿರುತ್ತದೆ. ದ್ವೀಪದ ಗ್ರಾಮ ಪಂಚಾಯ್ತಿ ತಲೆಗೆ ಇಷ್ಟೆಂದು ಸಣ್ಣ ತೆರಿಗೆಯನ್ನೂ ಪಡೆಯುತ್ತದೆ.

ಎಲ್ಲವೂ ಚೆಂದ ಎಂದಲ್ಲ. ಇಷ್ಟು ಪ್ರವಾಸಿಗರು ಬರುವ ದ್ವೀಪದ ಹಳ್ಳಿಗಳಿಗೆ ಸಮುದ್ರದಡಿಯ ಕೇಬಲ್‌ನಿಂದ ಪೂರ್ತಿ ವಿದ್ಯುತ್ ಬಂದದ್ದು 2018ರಲ್ಲಿ. ಎದುರಿಗೇ ದೇಶದ ಅತಿ ಶ್ರೀಮಂತ ನಗರ ರಾತ್ರಿಯಿಡೀ ಮಿನುಗುತ್ತಿತ್ತು. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆ ಹೊರಟಿದ್ದ ‘ನೀಲ್ ಕಮಲ್’ ದೋಣಿಗೆ ನೌಕಾಪಡೆಯ ವೇಗದೋಣಿ ಬಡಿದು ಹದಿಮೂರಕ್ಕೂ ಹೆಚ್ಚು ಜನ ಸತ್ತರು. ಆಮೇಲಷ್ಟೇ ದೋಣಿ ಹತ್ತುವ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸುವ ಬಿಗಿ ಬಂತು. ನೀರಿನ ಪ್ರವಾಸದಲ್ಲಿ ಜೆಟ್ಟಿ, ಅಂಗಡಿಗಳಿಗಿಂತ ಮೊದಲು ಬರಬೇಕಾದದ್ದು ಜೀವರಕ್ಷಣೆ. ಇದನ್ನು ನಮ್ಮ ಕೃಷ್ಣಾ ತೀರದವರು ನೆನಪಿಡಬೇಕು.

ಘಾರಾಪುರಿಯಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಪಕ್ಕದ ಐಹೊಳೆ. ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆಸಿದ ಕ್ರಿ.ಶ. 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದ ವಿವರವಿದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಮಲಪ್ರಭೆಯ ದಡದವರು ಹದಿನಾಲ್ಕು ಶತಮಾನಗಳ ಹಿಂದೆಯೇ ಹಡಗು ನಡೆಸಿದ್ದರು. ಸಮುದ್ರ ನಮ್ಮದಲ್ಲ ಎನ್ನುವ ಮಾತು ಇತ್ತೀಚಿನದು.

ತುಂಬಾ ಜನ ಬಂದರೂ ಕಷ್ಟ

ಕಾಲುದಾರಿ ತೆರೆದರೆ ಸಾಕು, ಎಲ್ಲ ಸರಿ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ದಾರಿ ತೆರೆದ ಊರುಗಳು ಜನಸಾಗರದಲ್ಲಿ ಮುಳುಗಿದ ಕಥೆಗಳೂ ಇವೆ. ವೆನಿಸ್ ನಗರದ ನಡುವಿನ ಕಾಲುವೆಯಲ್ಲಿ ಚರ್ಚುಗಳಿಗಿಂತ ಎತ್ತರದ ಹಡಗುಗಳು ಸಾಗುತ್ತಿದ್ದವು. 2021ರ ಆಗಸ್ಟ್ 1ರಿಂದ ಇಟಲಿ ಅದನ್ನು ನಿಷೇಧಿಸಿತು. ಗ್ರೀಸ್‌ನ ಸ್ಯಾಂಟೊರಿನಿ ಸುಮಾರು 15 ಸಾವಿರ ಜನರ ದ್ವೀಪ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತವೆ, ಜನ ಸಣ್ಣ ದೋಣಿಯಲ್ಲಿ ಬಂದು ನೂರಾರು ಮೆಟ್ಟಿಲು ಏರಿ ಇಲ್ಲವೇ ಕೇಬಲ್ ಕಾರಿನಲ್ಲಿ ಊರು ಸೇರುತ್ತಾರೆ. ಅಲ್ಲಿ ಈಗ ದಿನಕ್ಕೆ 8 ಸಾವಿರ ಹಡಗು ಪ್ರವಾಸಿಗರ ಮಿತಿ ಇದೆ. 2025ರ ಜುಲೈನಿಂದ ಜನಜಂಗುಳಿಯ ಕಾಲದಲ್ಲಿ ತಲೆಗೆ 20 ಯೂರೊ ಶುಲ್ಕವೂ ಇದೆ. ಅಲಾಸ್ಕಾದ ಜುನೋ ನಗರ 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಸಾಕು ಎಂದು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು.

ಈ ಪಾಠ ಲಕ್ಷದ್ವೀಪಕ್ಕೆ ಅತಿ ಮುಖ್ಯ. ಅಲ್ಲಿನ ಎಲ್ಲ 36 ದ್ವೀಪಗಳ ನೆಲ ಸೇರಿಸಿದರೂ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯಂತೆ ಒಟ್ಟು ಜನಸಂಖ್ಯೆ 64 ಸಾವಿರದಷ್ಟು. ರಾಜಧಾನಿ ಕವರತ್ತಿಯದು 11 ಸಾವಿರ ಚಿಲ್ಲರೆ. ಮುಂಬೈನಿಂದ ಹೊರಡುವ ಒಂದು ಕ್ರೂಸ್ ಹಡಗಿನಲ್ಲೇ ಒಂದೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಇರುತ್ತಾರೆ. ಹವಳದ ದಿಬ್ಬದಿಂದಾಗಿ ದೊಡ್ಡ ಹಡಗು ದಡಕ್ಕೆ ಬರಲಾರದು. ಹೊರಗೆ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ನೆಲದಡಿಯ ಸಿಹಿನೀರು ಎಂದರೆ ಮರಳಿನಡಿ ತೆಳ್ಳಗೆ ನಿಂತ ಮಳೆನೀರು. ಅಲ್ಲಿ ಪ್ರವೇಶ ಪರವಾನಗಿ ಪದ್ಧತಿಯೂ ಇದೆ. 2024ರ ಜನವರಿಯಲ್ಲಿ ಪ್ರಧಾನಿ ಭೇಟಿಯ ನಂತರ ಲಕ್ಷದ್ವೀಪಕ್ಕೆ ಹೋಗುವ ಹಂಬಲ ದೇಶದ ತುಂಬ ಹಬ್ಬಿತು. ಹಂಬಲ ತಪ್ಪಲ್ಲ. ಆದರೆ ಎಷ್ಟು ಜನ, ಎಷ್ಟು ಹೊತ್ತು, ಯಾವ ದಾರಿಯಲ್ಲಿ ಎಂಬುದನ್ನು ದ್ವೀಪದವರೇ ಹೇಳಬೇಕು.

ನಮ್ಮದೇ ನೀರು, ನಮ್ಮದೇ ದಡ

ಈಗ ಮನೆಗೆ ಬರೋಣ. ಕೃಷ್ಣಾ ತೀರದ ನಾವು ಸಮುದ್ರವಿಲ್ಲದವರು ನಿಜ, ನೀರಿಲ್ಲದವರಲ್ಲ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟೆ ಇಂದು 519.60 ಮೀಟರ್ ಮಟ್ಟದವರೆಗೆ ನೀರು ಹಿಡಿದು ನಿಲ್ಲುತ್ತದೆ. ಅದರ ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳ ತಾಲ್ಲೂಕಿನ ದಡ ನೆಕ್ಕುತ್ತದೆ. ಇಂಡಿ, ಸಿಂದಗಿಯ ಗಡಿಯಲ್ಲಿ ಭೀಮೆ. 2016ರ ಕಾಯ್ದೆಯಲ್ಲಿ ಘೋಷಿಸಿದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿ ಭೀಮಾ, ಮಲಪ್ರಭಾ, ಘಟಪ್ರಭಾ ಹೆಸರುಗಳೂ ಇವೆ. ನೂರು ನದಿ ಟರ್ಮಿನಲ್ ಕಟ್ಟುವ ಉತ್ಸಾಹದಲ್ಲಿ ಒಂದು ನಮ್ಮ ಕಡೆಗೂ ಬರಲಿ ಎಂದು ನಾಳೆ ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ.

ಕೇಳುವ ಮೊದಲು ಯೋಚಿಸಬೇಕು. ಈ ನೀರಿನಡಿ ಊರುಗಳಿವೆ. ಕೊಲ್ಹಾರದಂಥ ಊರು ಹಳೆಯ ಜಾಗ ಬಿಟ್ಟು ಮೇಲೆ ಬಂತು. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ದರ ತೀರ್ಮಾನಿಸಿತು. ಇನ್ನೂ 75 ಸಾವಿರಕ್ಕೂ ಹೆಚ್ಚು ಎಕರೆ ನೀರಿಗೆ ಹೋಗಲಿದೆ. ಹೊಸ ದಡ ಎಲ್ಲಿ ಬರುತ್ತದೆಯೋ ಅಲ್ಲಿ ಹೊಸ ಜೆಟ್ಟಿ, ಹೊಸ ರೆಸಾರ್ಟು ಬರಬಹುದು. ಹೊಲ ಕಳೆದುಕೊಂಡವರ ಮಕ್ಕಳು ಆ ರೆಸಾರ್ಟಿನ ಗೇಟು ಕಾಯುವವರಾಗುತ್ತಾರೋ, ಆ ದಡದ ಒಡೆಯರಾಗುತ್ತಾರೋ ಎಂಬುದು ಈಗಲೇ ಕೇಳಬೇಕಾದ ಪ್ರಶ್ನೆ.

ನಮ್ಮಲ್ಲಿ ನಡೆದು ನೋಡುವ ನೀರದಾರಿ ಹೊಸದಾಗಿ ಹುಟ್ಟಬೇಕಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪ ಹಿನ್ನೀರಿನ ನಡುವೆ ಬಾವಿಯಂಥ ಗೋಡೆಯೊಳಗೆ ಉಳಿದಿದೆ. ಸೇತುವೆ ಮೇಲೆ ನಡೆದು, ಮೆಟ್ಟಿಲಿಳಿದು ಹೋಗಬೇಕು. ಅದೇ ಕೃಷ್ಣೆಯ ದಡದಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ನೀಲಾಂಬಿಕೆಯವರ ಐಕ್ಯಸ್ಥಳ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳದ ಪರಂಪರೆಯ ಊರು. ಕೊಲ್ಹಾರದ ಗಡಿಗೆ ಮೊಸರು ತಿನ್ನಲು ಜನ ಗಾಡಿ ನಿಲ್ಲಿಸುತ್ತಾರೆ. ಆ ಮೊಸರು ಮಾರುವ ತಾಯಂದಿರಿಗೆ ಯಾವ ಟರ್ಮಿನಲ್ಲೂ ಬೇಕಾಗಿರಲಿಲ್ಲ. ಗಾಡಿ ನಿಲ್ಲುವ ಜಾಗ ಮತ್ತು ಅವರ ಬುಟ್ಟಿಯ ನಡುವೆ ಹತ್ತು ಹೆಜ್ಜೆ ದೂರ ಅಷ್ಟೇ ಇತ್ತು. ಪ್ರವಾಸೋದ್ಯಮ ಪಂಡಿತರು ಕಲಿಯಬೇಕಾದ ಗಣಿತ ಆ ಹತ್ತು ಹೆಜ್ಜೆಯಲ್ಲಿದೆ.

ಆದ್ದರಿಂದ ಯಾವುದೇ ಜೆಟ್ಟಿಯ ಪ್ರಸ್ತಾವ ನಮ್ಮ ಗ್ರಾಮಸಭೆಗಳ ಮುಂದೆ ಬಂದಾಗ ನಾವು, ಅಂದರೆ ಈ ಪುಟ ಓದುವ ವಯಸ್ಸಿನವರು, ಎದ್ದು ನಿಂತು ನಾಲ್ಕು ಮಾತು ಕೇಳೋಣ. ಒಂದು, ದೋಣಿ ನಿಲ್ಲುವುದು ಊರಿನ ಹತ್ತಿರವೋ, ಊರನ್ನು ತಪ್ಪಿಸಿಯೋ? ಎರಡು, ಇಳಿದ ಜಾಗದಿಂದ ಸಂತೆ, ಗುಡಿ, ಬಸ್ ನಿಲ್ದಾಣಕ್ಕೆ ನೆರಳಿರುವ ಕಾಲುದಾರಿ, ನೀರು, ಶೌಚಾಲಯ ಯೋಜನೆಯಲ್ಲಿ ಇದೆಯೇ? ಮೂರು, ಆ ದಾರಿಯ ಬದಿಯ ಮೊದಲ ಅಂಗಡಿಗಳು ಭೂಮಿ ಕಳೆದುಕೊಂಡ ಮನೆಗಳಿಗೆ, ಅದರಲ್ಲೂ ಹೆಣ್ಣುಮಕ್ಕಳ ಸಂಘಗಳಿಗೆ ಮೀಸಲೇ? ನಾಲ್ಕು, ದೋಣಿಯಲ್ಲಿ ಎಷ್ಟು ಜನ, ಎಷ್ಟು ಲೈಫ್ ಜಾಕೆಟ್, ಯಾರು ಹೊಣೆ?

ವಾಸ್ಕೊ, ಮಂಗಳೂರು, ಮುಂಬೈಗಳಲ್ಲಿ ಹಡಗು ಮತ್ತು ಊರಿನ ನಡುವಿನ ದೂರವನ್ನು ಬೇರೆಯವರು ತೀರ್ಮಾನಿಸಿದರು. ನಮ್ಮವರು ಆ ದಾರಿಯ ಬದಿಯಲ್ಲಿ ಗಂಟು ಹಿಡಿದು ನಿಂತರು. ಕೃಷ್ಣೆಯ ದಡದಲ್ಲಿ ಅಂಥ ದಾರಿ ಇನ್ನೂ ಕಾಗದದ ಮೇಲೂ ಬಂದಿಲ್ಲ. ಅದನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಹೇಳಲು ನಮಗೆ ಈಗ ಸಮಯವಿದೆ.